ಗ್ರಹಗಳು ತಿರುಗುವ ದಿಕ್ಕು: ಹುಟ್ಟಿನಿಂದ ಬಂದದ್ದೆಷ್ಟು, ಆಮೇಲೆ ಸೇರಿದ್ದೆಷ್ಟು?

ಭೂಮಿಯ ಉತ್ತರ ಧ್ರುವದ ನೇರಕ್ಕೆ ಬಹುದೂರ ಮೇಲಿನಿಂದ ನೋಡಿದರೆ ಎಂಟೂ ಗ್ರಹಗಳು ಸೂರ್ಯನನ್ನು ಅಪ್ರದಕ್ಷಿಣವಾಗಿ ಸುತ್ತುತ್ತಿರುವುದು ಕಾಣುತ್ತದೆ. ಸೂರ್ಯನೂ ತನ್ನ ಅಕ್ಷದ ಮೇಲೆ ಅದೇ ದಿಕ್ಕಿನಲ್ಲಿ, ಸಮಭಾಜಕದ ಬಳಿ ಸುಮಾರು 25 ದಿನಗಳಿಗೊಮ್ಮೆ ತಿರುಗುತ್ತಾನೆ. ಗ್ರಹಗಳ ಅಕ್ಷಭ್ರಮಣೆಗೆ ಬಂದಾಗ ಮಾತ್ರ ಈ ಒಮ್ಮತ ಕೆಡುತ್ತದೆ: ಆರು ಗ್ರಹಗಳು ಅದೇ ದಿಕ್ಕು ಹಿಡಿದಿದ್ದರೆ ಶುಕ್ರ ಮತ್ತು ಯುರೇನಸ್ ಎದುರು ದಿಕ್ಕಿನಲ್ಲಿವೆ. ಇದಕ್ಕೆಲ್ಲ ‘ಕೋನೀಯ ಸಂವೇಗದ ಸಂರಕ್ಷಣೆ’ (ಹೊರಗಿನಿಂದ ತಿರುಚುವ ಬಲ ಬೀಳದಿದ್ದರೆ ತಿರುಗುವಿಕೆಯ ಒಟ್ಟು ಮೊತ್ತ ಬದಲಾಗದು ಎಂಬ ನಿಯಮ) ಎಂದು ಒಂದು ಸಾಲು ಬರೆದು ಮುಗಿಸುವುದು ರೂಢಿ. ಪರಿಭ್ರಮಣೆಗೆ, ಅಂದರೆ ಸೂರ್ಯನ ಸುತ್ತಲಿನ ಚಲನೆಗೆ, ಆ ಸಾಲು ಸಾಕು. ಅಕ್ಷಭ್ರಮಣೆಗೆ ಅದು ಅರ್ಧ ಉತ್ತರ.

ಸುಮಾರು 460 ಕೋಟಿ ವರ್ಷಗಳ ಹಿಂದೆ ಅನಿಲ ಮತ್ತು ದೂಳಿನ ಮೋಡವೊಂದು ತನ್ನದೇ ಗುರುತ್ವದಿಂದ ಕುಸಿಯತೊಡಗಿದಾಗ, ಅದರೊಳಗಿನ ಅಸ್ತವ್ಯಸ್ತ ಚಲನೆಗಳನ್ನೆಲ್ಲ ಕೂಡಿ ಕಳೆದ ಮೇಲೂ ಯಾವುದೋ ಒಂದು ದಿಕ್ಕಿನ ಅಲ್ಪ ತಿರುಗುವಿಕೆ ಉಳಿದಿತ್ತು. ಮೋಡ ಕುಗ್ಗಿದಂತೆ ಅದು ವೇಗ ಪಡೆಯಿತು; ಮೇಲೆ ಕೆಳಗೆ ಸಾಗುವ ಚಲನೆಗಳು ಡಿಕ್ಕಿಗಳಲ್ಲಿ ನಶಿಸಿ, ಚಪ್ಪಟೆಯಾದ ತಟ್ಟೆಯೊಂದು ಉಳಿಯಿತು. ಆ ತಟ್ಟೆಯಲ್ಲಿ ಹುಟ್ಟಿದ ಗ್ರಹಗಳೆಲ್ಲ ಒಂದೇ ಕಡೆಗೆ ಸುತ್ತುವುದು ಸಹಜ. ದಿಕ್ಕು ಅಪ್ರದಕ್ಷಿಣವೇ ಏಕೆ ಎಂದು ಕೇಳುವುದರಲ್ಲಿ ಹೆಚ್ಚು ಅರ್ಥವಿಲ್ಲ, ಏಕೆಂದರೆ ದಕ್ಷಿಣದ ಕಡೆಯಿಂದ ನೋಡಿದರೆ ಅದೇ ಪ್ರದಕ್ಷಿಣವಾಗುತ್ತದೆ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ತಟ್ಟೆಯು ಗಟ್ಟಿ ಚಕ್ರದಂತೆ ತಿರುಗುವುದಿಲ್ಲ; ಸೂರ್ಯನಿಗೆ ಹತ್ತಿರವಿದ್ದಷ್ಟೂ ವೇಗ ಹೆಚ್ಚು. ಇಂದಿಗೂ ಬುಧನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 47 ಕಿ.ಮೀ., ಭೂಮಿಯದು ಸುಮಾರು 30, ನೆಪ್ಚೂನ್‌ನದು ಐದೂವರೆಗಿಂತ ತುಸು ಕಡಿಮೆ. ಇದೊಂದನ್ನೇ ಹಿಡಿದು ಯೋಚಿಸಿದರೆ, ಬೆಳೆಯುತ್ತಿರುವ ಗ್ರಹದ ಒಳಬದಿಯನ್ನು ವೇಗದ ಕಣಗಳು ಮುಂದಕ್ಕೆ ತಳ್ಳಿ, ಹೊರಬದಿಗೆ ಬಡಿಯುವ ನಿಧಾನದ ಕಣಗಳು ಹಿಂದಕ್ಕೆ ತಡೆದು, ಗ್ರಹವು ಪರಿಭ್ರಮಣೆಗೆ ವಿರುದ್ಧವಾಗಿ ತಿರುಗಬೇಕಾಗುತ್ತದೆ! ಆದರೆ ಕಣಗಳ ಕಕ್ಷೆಗಳು ಪೂರ್ಣ ವೃತ್ತಗಳಲ್ಲ. ಒಳಗಿನ ಕಕ್ಷೆಯ ಕಣವೊಂದು ಗ್ರಹವನ್ನು ತಲುಪುವುದು ತನ್ನ ಅತಿ ದೂರದ ಬಿಂದುವಿನಲ್ಲಿದ್ದಾಗ, ಅಂದರೆ ತನ್ನ ವೇಗ ಅತಿ ಕಡಿಮೆಯಿದ್ದಾಗ. ಆಗ ಅದು ಗ್ರಹಕ್ಕಿಂತ ನಿಧಾನವಾಗಿದ್ದು ಒಳಬದಿಯನ್ನು ಹಿಂದಕ್ಕೆ ತಳ್ಳುತ್ತದೆ, ಪರಿಣಾಮ ತಿರುವುಮುರುವಾಗುತ್ತದೆ. ಜೊತೆಗೆ ಗ್ರಹದ ಗುರುತ್ವವೂ ಕಣಗಳ ದಾರಿಯನ್ನು ಬಾಗಿಸುತ್ತದೆ. ಲೆಕ್ಕ ಹಾಕಿದರೆ ಎರಡೂ ಬಗೆಯ ತಳ್ಳುಗಳು ಬಹುಮಟ್ಟಿಗೆ ಒಂದನ್ನೊಂದು ವಜಾ ಮಾಡುತ್ತವೆ. ಆದುದರಿಂದ ಶಿಲಾಗ್ರಹಗಳ ವಿಷಯದಲ್ಲಿ ಕೊನೆಯ ಮಾತು ಅಸಂಖ್ಯ ಸಣ್ಣ ಕಣಗಳದ್ದಲ್ಲ, ಬೆರಳೆಣಿಕೆಯ ಭಾರೀ ಡಿಕ್ಕಿಗಳದ್ದು ಎಂಬ ವಾದ ಬಲವಾಗಿದೆ. ಚಂದ್ರನ ಹುಟ್ಟಿಗೆ ಕಾರಣವೆಂದು ಭಾವಿಸಲಾದ ಡಿಕ್ಕಿ ಅಂಥದ್ದು. ಅನಿಲದಲ್ಲಿ ತೇಲುವ ಹರಳಿನಂಥ ಚೂರುಗಳು ಸೇರಿ ಗ್ರಹ ಬೆಳೆದರೆ ಪರಿಭ್ರಮಣೆಯ ದಿಕ್ಕೇ ಮೇಲುಗೈ ಪಡೆಯುತ್ತದೆ ಎಂದು ತೋರಿಸುವ ಗಣಕ ಮಾದರಿಗಳೂ ಇವೆ.

ಗುರುವಿನ ಸಂಗತಿ ಸರಳ. ಅದಕ್ಕೆ ಅನಿಲವು ಸುತ್ತಲಿನ ಕಿರುತಟ್ಟೆಯ ಮೂಲಕ ಕ್ರಮವಾಗಿ ಹರಿದು ಬಂದುದರಿಂದ ದಿಕ್ಕು ನೆಟ್ಟಗೆ ಉಳಿಯಿತು; ಅದರ ಅಕ್ಷದ ಓರೆ ಕೇವಲ 3 ಡಿಗ್ರಿ, ದಿನದ ಉದ್ದ ಹತ್ತು ಗಂಟೆಗೂ ಕಡಿಮೆ.

‘ಎಂಟರಲ್ಲಿ ಆರು’ ಎಂಬ ಲೆಕ್ಕವನ್ನು ಎಚ್ಚರದಿಂದ ಬಳಸಬೇಕು. ಸೂರ್ಯನ ಉಬ್ಬರವಿಳಿತದ ಸೆಳೆತವು ಬುಧನ ಮೂಲ ವೇಗವನ್ನು ಅಳಿಸಿ, ಎರಡು ಪರಿಭ್ರಮಣೆಗೆ ಸರಿಯಾಗಿ ಮೂರು ಸುತ್ತು ತಿರುಗುವಂತೆ ಕಟ್ಟಿಹಾಕಿದೆ; ಹುಟ್ಟಿನ ಸಾಕ್ಷಿಯಾಗಿ ಅದು ನಿಲ್ಲುವುದಿಲ್ಲ. ಶುಕ್ರ 243 ದಿನಗಳಿಗೊಮ್ಮೆ ಹಿಮ್ಮುಖವಾಗಿ ತಿರುಗುವುದರಿಂದ ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಮೂಡುತ್ತಾನೆ. ಇದಕ್ಕೆ ಭಾರೀ ಡಿಕ್ಕಿಯನ್ನೇ ಕರೆತರಬೇಕಿಲ್ಲ. ಭೂಮಿಯದಕ್ಕಿಂತ ಸುಮಾರು 90 ಪಟ್ಟು ಒತ್ತಡದ ಅದರ ವಾತಾವರಣವನ್ನು ಸೂರ್ಯ ಕಾಯಿಸಿದಾಗ ದ್ರವ್ಯ ಅಸಮವಾಗಿ ಹಂಚಿಹೋಗುತ್ತದೆ. ಆ ಅಸಮತೆಯನ್ನು ಸೂರ್ಯನ ಗುರುತ್ವ ಹಿಡಿದೆಳೆಯುತ್ತದೆ. ಈ ಎಳೆತ ಮತ್ತು ಒಳಗಿನ ಘರ್ಷಣೆ ಸೇರಿದರೆ, ಮೊದಲು ಬೇರೆ ರೀತಿಯಲ್ಲಿ ತಿರುಗುತ್ತಿದ್ದ ಗ್ರಹವೂ ಇಂದಿನ ಸ್ಥಿತಿಗೆ ಬರಬಲ್ಲದೆಂದು ಖಗೋಳ ವಿಜ್ಞಾನಿಗಳಾದ ಕೊರೇಯಾ ಮತ್ತು ಲಾಸ್ಕರ್ 2001ರಲ್ಲಿ ತೋರಿಸಿದರು.

ಯುರೇನಸ್ ಅನ್ನು ಶುಕ್ರನ ಜೊತೆಗೇ ‘ಹಿಮ್ಮುಖ’ ಎಂದು ಕಲಿಯುವುದು ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿಸುವ ಅಭ್ಯಾಸ. ಓರೆ 90 ಡಿಗ್ರಿ ದಾಟಿದರೆ ಹಿಮ್ಮುಖವೆಂಬುದು ನಿಯಮ. ಶುಕ್ರನದು 177, ಯುರೇನಸ್‌ನದು 98. ಒಂದು ಬಹುತೇಕ ತಲೆಕೆಳಗಾಗಿದೆ, ಇನ್ನೊಂದು ಪಕ್ಕಕ್ಕೆ ಒರಗಿ ಗಡಿಯನ್ನು ಎಂಟು ಡಿಗ್ರಿಯಷ್ಟೇ ದಾಟಿದೆ. ಅದರ ದೊಡ್ಡ ಉಪಗ್ರಹಗಳೂ ಒರಗಿದ ಸಮಭಾಜಕದ ಸಮತಲದಲ್ಲೇ ಸುತ್ತುವುದರಿಂದ, ಗ್ರಹವನ್ನು ಒರಗಿಸಿದ ಘಟನೆ ಆ ಉಪಗ್ರಹಗಳು ರೂಪುಗೊಳ್ಳುವುದಕ್ಕೆ ಮೊದಲೇ ಅಥವಾ ಅದೇ ಕಾಲದಲ್ಲಿ ನಡೆದಿರಬೇಕು.