ಶಿಯೋಂ: ದಾರಿ ಕಾಯಲು ಕಟ್ಟಿದ ಕೋಟೆ

ಸ್ವಿಟ್ಜರ್ಲೆಂಡ್ ಕ್ಯಾಲೆಂಡರುಗಳಲ್ಲಿ ಒಂದು ಕೋಟೆ ಮತ್ತೆ ಮತ್ತೆ ಕಾಣಿಸುತ್ತದೆ. ಕೆಳಗೆ ನೀಲಿ ಸರೋವರ, ಹಿಂದೆ ಹಿಮದ ಬೆಟ್ಟ, ನಡುವೆ ಚೂಪು ಚಾವಣಿಯ ಗೋಪುರಗಳು. ಅದೇ ಶಿಯೋಂ. ಮೊಂತ್ರೋ ಊರಿನ ಪಕ್ಕ, ಜಿನೀವಾ ಸರೋವರದ ಪೂರ್ವ ತುದಿಯಲ್ಲಿದೆ. ನೋಡಿದರೆ ಯಾರೋ ರಾಜ ಸೊಗಸಿಗೆ ಕಟ್ಟಿಸಿದ ಅರಮನೆ ಅನ್ನಿಸುತ್ತದೆ, ಅಲ್ವಾ? ಇದು ಹುಟ್ಟಿದ್ದು ಸುಂಕಕ್ಕಾಗಿ.

ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ. ಇಲ್ಲಿ ಬೆಟ್ಟ ನೇರವಾಗಿ ನೀರಿಗೆ ಇಳಿಯುತ್ತದೆ. ಬೆಟ್ಟಕ್ಕೂ ಸರೋವರಕ್ಕೂ ನಡುವೆ ಉಳಿಯುವುದು ಒಂದು ಕಿರಿದಾದ ಪಟ್ಟಿ ಮಾತ್ರ. ಇಟಲಿಯಿಂದ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿ ಹತ್ತಿಳಿದು ಈಗಿನ ಫ್ರಾನ್ಸಿನ ಬರ್ಗಂಡಿ ಕಡೆ ಹೊರಟ ವ್ಯಾಪಾರಿ, ಯಾತ್ರಿಕ, ಸೈನಿಕ ಎಲ್ಲರೂ ಈ ಪಟ್ಟಿಯಲ್ಲೇ ಹಾದುಹೋಗಬೇಕಿತ್ತು. ದಡದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನೀರೊಳಗೆ ಒಂದು ಬಂಡೆ. ಅದರ ಮೇಲೆ ಕೂತವನ ಕಣ್ಣು ತಪ್ಪಿಸಿ ಒಂದು ಹೇಸರಗತ್ತೆಯೂ ದಾಟುವಂತಿರಲಿಲ್ಲ.

1150ರ ಒಂದು ದಾಖಲೆಯ ಹೊತ್ತಿಗೆ ಕೋಟೆ ಆಲ್ಪ್ಸ್ ಸೀಮೆಯ ಒಡೆಯರಾದ ಸವಾಯ್ ಮನೆತನದ ಕೈಯಲ್ಲಿತ್ತು. 1214ರಲ್ಲಿ ಸವಾಯ್‌ನ ಮೊದಲನೇ ಥಾಮಸ್ ಪಕ್ಕದಲ್ಲೇ ವಿಲ್‌ನವ್ ಎಂಬ ಹೊಸ ಪೇಟೆ ಕಟ್ಟಿಸಿದ. ಸರಕು ಇಳಿಸುವುದು, ದೋಣಿಗೆ ಏರಿಸುವುದು, ಸುಂಕ ಕಟ್ಟುವುದು ಎಲ್ಲಾ ಅಲ್ಲೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಅನ್ನುವುದು ಆಲ್ಪ್ಸ್ ವ್ಯಾಪಾರಿಗಳಿಗೂ ಚೆನ್ನಾಗಿ ಗೊತ್ತಿದ್ದಿರಬೇಕು.

ಈಗ ಕಾಣುವ ರೂಪ ಬಹುಮಟ್ಟಿಗೆ 13ನೇ ಶತಮಾನದ್ದು, ಸವಾಯ್‌ನ ಎರಡನೇ ಪೀಟರನ ಕಾಲದ್ದು. ಈ ಕೋಟೆಗೆ ಎರಡು ಮುಖ. ರಸ್ತೆ ಕಡೆ ಮೂರು ಅರೆವೃತ್ತ ಗೋಪುರ, ದಪ್ಪ ಗೋಡೆ, ಬಾಣ ಬಿಡಲು ಸೀಳುಕಿಂಡಿಗಳು. ಬಂಡೆಗೂ ದಡಕ್ಕೂ ನಡುವಿನ ನೀರೇ ಕಂದಕ. ಸರೋವರದ ಕಡೆ ಹೋದರೆ ಬೇರೆಯದೇ ಕಟ್ಟಡ! ಕಮಾನಿನ ದೊಡ್ಡ ಕಿಟಕಿಗಳು, ಮರದ ಚಾವಣಿಯ ಹಜಾರಗಳು. ಅತ್ತ ನೀರು ಆಳ, ದಾಳಿಯ ಭಯ ಕಡಿಮೆ. ಹಾಗಾಗಿ ಒಡೆಯರ ವಾಸ ಆ ಕಡೆ. ಶೌಚದ ಕಿಂಡಿಗಳೂ ಸೀದಾ ಸರೋವರಕ್ಕೇ! ಒಡೆಯನ ಮಲಗುವ ಕೋಣೆಯ ಗೋಡೆ ಮೇಲೆ 14ನೇ ಶತಮಾನದ ಚಿತ್ರಗಳು ಮಾಸಿದರೂ ಉಳಿದಿವೆ.

ಆದರೆ ಆ ಒಡೆಯ ಇಲ್ಲಿ ಇರುತ್ತಿದ್ದದ್ದೇ ಕಡಿಮೆ. ಸವಾಯ್ ಆಸ್ಥಾನ ಮಂಚ, ಪರದೆ, ಪೆಟ್ಟಿಗೆ ಸಮೇತ ಕೋಟೆಯಿಂದ ಕೋಟೆಗೆ ಅಲೆಯುತ್ತಿತ್ತು. ಉಳಿದ ದಿನ ಕೋಟೆ ಅಧಿಕಾರಿಯದೇ ಕಾರುಬಾರು. ಅವನು ಬರೆಸಿಟ್ಟ ಲೆಕ್ಕದ ಸುರುಳಿಗಳಿಂದಲೇ ಎಷ್ಟೋ ಗೋಡೆಗಳ ವಯಸ್ಸು ನಮಗೆ ಗೊತ್ತಾಗಿದೆ.

ಕೋಟೆಯ ಕತ್ತಲೆ ಪುಟ 1348ರದ್ದು. ಪ್ಲೇಗ್ ಹಬ್ಬಿತ್ತು. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂಬ ಸುಳ್ಳೂ ಜೊತೆಗೇ ಹಬ್ಬಿತು. ಬಾಲಾವಿನ್ಯಿ ಎಂಬ ಶಸ್ತ್ರವೈದ್ಯ ಸೇರಿ ಹಲವರನ್ನು ಇಲ್ಲಿ ಹಿಂಸಿಸಿ 'ತಪ್ಪೊಪ್ಪಿಗೆ' ಹೇಳಿಸಿದರು. ಆ ಹೇಳಿಕೆಗಳ ನಕಲು ಸ್ಟ್ರಾಸ್‌ಬರ್ಗ್‌ವರೆಗೂ ಹೋಯಿತು. 1349ರ ಫೆಬ್ರವರಿಯಲ್ಲಿ ಅಲ್ಲಿನ ಯಹೂದಿಗಳನ್ನು ಸುಟ್ಟು ಕೊಂದರು. ಪ್ರವಾಸದ ಕರಪತ್ರಗಳು ಹೆಚ್ಚಾಗಿ ಹೇಳುವುದು ಇನ್ನೊಬ್ಬ ಕೈದಿಯ ಕಥೆಯನ್ನು.

ಅವನು ಫ್ರಾಂಸ್ವಾ ಬೊನಿವಾರ್. ಜಿನೀವಾ ಸವಾಯ್ ಕೈಗೆ ಹೋಗಬಾರದು ಎಂದ ಮಠಾಧಿಕಾರಿ. 1530ರಲ್ಲಿ ಸೆರೆಯಾದ. ಮೊದಲ ಎರಡು ವರ್ಷ ಮೇಲಿನ ಕೋಣೆಯಲ್ಲಿ ಮರ್ಯಾದೆಯಿಂದಲೇ ಇಟ್ಟರು, ಮುಂದಿನ ನಾಲ್ಕು ವರ್ಷ ನೆಲಮಾಳಿಗೆ. 1536ರಲ್ಲಿ ಸ್ವಿಸ್ ನಗರರಾಜ್ಯ ಬರ್ನ್‌ನವರು ಕೋಟೆ ಗೆದ್ದು ಬಿಡಿಸಿದರು. ಆಮೇಲೆ ಅವನು ಜಿನೀವಾದ ಇತಿಹಾಸ ಬರೆದ, ನಾಲ್ಕು ಮದುವೆಯಾದ, 1570ರವರೆಗೂ ಬದುಕಿದ. 1816ರಲ್ಲಿ ಇಲ್ಲಿಗೆ ಬಂದ ಕವಿ ಬೈರನ್‌ಗೆ ಇದೆಲ್ಲ ಸರಿಯಾಗಿ ಗೊತ್ತಿರಲಿಲ್ಲ. ಅವನ ಕವನದ ಕೈದಿಯ ಕಣ್ಣೆದುರೇ ತಮ್ಮಂದಿರು ಸಾಯುತ್ತಾರೆ. ಜನ ನಂಬಿದ್ದು ಕವನವನ್ನೇ. ಅಲ್ಲಿಂದ ಕೋಟೆಯೆಂದರೆ ಸೆರೆಮನೆ ಎಂದಾಯಿತು.

ನಿಜವಾಗಿ ಆ ನೆಲಮಾಳಿಗೆ ಕೋಟೆಯ ಅತಿ ಚೆಂದದ ಜಾಗಗಳಲ್ಲೊಂದು. ಒಂದು ಬದಿಯ ಗೋಡೆ ಬರೀ ಬಂಡೆ. ಕಂಬಗಳ ಮೇಲೆ ಕಲ್ಲಿನ ಕಮಾನುಗಳು ಸಾಲಾಗಿ ಏಳುತ್ತವೆ. ಸರಕು, ಆಯುಧ ಇಡುವುದಕ್ಕೂ ಇದು ಬಳಕೆಯಾಗಿತ್ತು. ಒಂದು ಕಂಬದ ಮೇಲೆ ಬೈರನ್ ಹೆಸರು ಕೆತ್ತಿದೆ, ಅದನ್ನು ಗಾಜು ಹಾಕಿ ಕಾಪಾಡಿದ್ದಾರೆ. ನಾವು ಸ್ಮಾರಕದ ಮೇಲೆ ಹೆಸರು ಗೀಚಿದರೆ ಬೈಸಿಕೊಳ್ಳುತ್ತೇವೆ!

ಬರ್ನ್‌ನವರ ಆಳ್ವಿಕೆ 1798ಕ್ಕೆ ಮುಗಿದು ಕೋಟೆ ವೋ ಪ್ರಾಂತದ್ದಾಯಿತು. 19ನೇ ಶತಮಾನದ ಕೊನೆಯಲ್ಲಿ ಪುರಾತತ್ವಜ್ಞ ಆಲ್ಬರ್ಟ್ ನೇಫ್ ಹಳೆಯ ದಾಖಲೆ ಓದಿ, ಗೋಡೆ ಅಗೆದು ನೋಡಿ ದುರಸ್ತಿ ನಡೆಸಿದರು. ದಾರಿ ಮಾತ್ರ ತನ್ನ ಜಾಗ ಬಿಡಲಿಲ್ಲ. ಕೋಟೆಗೂ ಬೆಟ್ಟಕ್ಕೂ ನಡುವೆ ರೈಲು ಬಂತು. 1969ರ ಹೊತ್ತಿಗೆ ಬೆಟ್ಟದ ಮೈಯಲ್ಲಿ ಹೆದ್ದಾರಿಯ ಉದ್ದನೆಯ ಮೇಲ್ಸೇತುವೆಯೂ ಎದ್ದಿತು. ಎರಡನೇ ಮಹಾಯುದ್ಧದಲ್ಲಿ ಸ್ವಿಸ್ ಸೇನೆಗೂ ಇದೇ ಇಕ್ಕಟ್ಟು ಬೇಕಾಯಿತು. ರಸ್ತೆಯಾಚೆಯ ಬಂಡೆ ಕೊರೆದು, ಶಿಯೋಂಗೆ ಎದುರಾಗಿ, ಹೊರಗಿನಿಂದ ಗುರುತೇ ಸಿಗದ ಇನ್ನೊಂದು ಕೋಟೆ ಕಟ್ಟಿದರು. ಈಗ ಅದು ಮ್ಯೂಸಿಯಂ.