ಒಣಗಿದರೆ ಸಾಯುವ ಬೀಜಗಳು

ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಯಾರೂ ಬಿತ್ತುವುದಿಲ್ಲ. ಬಿತ್ತಿಗೆ ಹಣ್ಣಡಿಕೆಯೇ ಬೇಕು. ಕಾಸರಗೋಡಿನ ತೋಟದವರಿಗೆ ಇದು ಹೊಸ ಮಾತಲ್ಲ. ಆದರೆ ಕಾಡು ಉಳಿಸುವ ವಿಷಯ ಬಂದಾಗ ಇದನ್ನು ಮರೆತುಬಿಡುತ್ತೇವೆ. "ಬೀಜ ತೆಗೆದಿಟ್ಟರೆ ಸಾಕು, ಕಾಡು ಹೋದರೂ ಮತ್ತೆ ನೆಡಬಹುದು" ಎನ್ನುವವರು ಈಗ ಜಾಸ್ತಿ. ನೆಡಲು ಬೀಜಕ್ಕೆ ಜೀವ ಇರಬೇಕಲ್ವಾ?

1973ರಲ್ಲಿ ರಾಬರ್ಟ್ಸ್ ಎಂಬ ವಿಜ್ಞಾನಿ ಬೀಜಗಳನ್ನು ಎರಡು ಗುಂಪು ಮಾಡಿದರು. ಒಣಗಿಸಿ ಇಡಬಹುದಾದವು ಒಂದು ಕಡೆ: ಭತ್ತ, ರಾಗಿ, ಹೆಸರುಕಾಳು. ಇನ್ನೊಂದು ಗುಂಪಿಗೆ ಅವರಿಟ್ಟ ಹೆಸರಿನ ಅರ್ಥ ‘ಹಠಮಾರಿ’. ಅಡಿಕೆ, ತೆಂಗು, ಹಲಸು, ಮಾವು ಹಠಮಾರಿಗಳು. ಕಾಡಿನ ಧೂಪ, ಹೈಗ, ರಾಮಪತ್ರೆ ಮರಗಳ ಬೀಜಗಳೂ ಅಷ್ಟೇ.

ಭತ್ತ ಒಣಗುವಾಗ ಅದರೊಳಗೆ ನಡೆಯುವುದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು. ನೀರು ಕಡಿಮೆಯಾದಂತೆ ಜೀವಕೋಶದ ಸಕ್ಕರೆ ದಪ್ಪಗಾಗಿ, ಕೊನೆಗೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಪಾಕ ತಣಿದು ಬಿಗಿಯಾಗುವ ಹಾಗೆ. ಒಳಗಿನದೆಲ್ಲ ಇದ್ದಲ್ಲೇ ನಿಲ್ಲುತ್ತದೆ. ಕೆಲವು ಪ್ರೋಟೀನುಗಳು ಸೂಕ್ಷ್ಮ ಭಾಗಗಳನ್ನು ಕಾಯುತ್ತವೆ, ಪಿಂಗಾಣಿ ಪಾತ್ರೆಗಳ ನಡುವೆ ಬೈಹುಲ್ಲು ತುರುಕಿದಂತೆ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತದ್ದು ಇಂಥ ಒಣನಿದ್ದೆಯಿಂದ ಎದ್ದು. ಹಾಗೆಂದು ಈಜಿಪ್ಟಿನ ಸಮಾಧಿಯ ಗೋಧಿ ಮೊಳೆತ ಕತೆಯನ್ನು ನಂಬಬೇಡಿ. ಅದು ಬರೀ ಸುಳ್ಳು.

ಹಠಮಾರಿ ಬೀಜಕ್ಕೆ ಈ ನಿದ್ದೆಯೇ ಗೊತ್ತಿಲ್ಲ. ಮರದಿಂದ ಬೀಳುವಾಗಲೇ ಮೊಳೆಯುವ ಅವಸರ. ಒಣಗಿಸಿದರೆ ಜೀವಕೋಶದ ಪೊರೆ ಹಾಳಾಗುತ್ತದೆ. ಫ್ರೀಜರಿನಲ್ಲಿಟ್ಟರೆ ಒಳಗಿನ ನೀರೇ ಮಂಜಿನ ಮೊನೆಗಳಾಗಿ ಚುಚ್ಚಿ ಕೊಲ್ಲುತ್ತದೆ. ನಾರ್ವೆಯ ಸ್ವಾಲ್ಬಾರ್ಡಿನಲ್ಲಿ 2008ರಿಂದ ಮೈನಸ್ 18 ಡಿಗ್ರಿಯಲ್ಲಿ ಬೀಜ ಕಾಯುವ ದೊಡ್ಡ ಉಗ್ರಾಣ ಉಂಟು. ಧೂಪದ ಬೀಜ ಅಲ್ಲಿ ಬದುಕುವುದಿಲ್ಲ, ತೆಂಗಿನಕಾಯಿಯೂ ಇಲ್ಲ. ಅದಕ್ಕೇ ನಮ್ಮ ಕಾಸರಗೋಡು ಕೂಡ್ಲಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ದಕ್ಷಿಣ ಕನ್ನಡದ ಕಿದುವಿನಲ್ಲಿ ತೆಂಗಿನ ತಳಿಗಳನ್ನು ಮರಗಳಾಗಿಯೇ ಬೆಳೆಸಿ ಕಾಪಾಡುತ್ತಿದೆ. ಕಾಡುಮರಗಳಿಗೆ ಅಂಥ ತೋಟ ಎಂದರೆ ಕಾಡೇ.

ಇಂಥ ಬೀಜಕ್ಕೆ ಮಳೆಯ ಲೆಕ್ಕ ತಪ್ಪಬಾರದು. ಕೇರಳಕ್ಕೆ ಮುಂಗಾರು ಬರುವ ವಾಡಿಕೆ ದಿನ ಜೂನ್ 1. 2023ರಲ್ಲಿ ಬಂದದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. 2023ರ ಆಗಸ್ಟ್ ಅಂತೂ 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಮೊದಲ ಮಳೆಗೆ ಮೊಳೆತು, ಆಮೇಲೆ ಎರಡು ವಾರ ಬಿಸಿಲು ಹೊಡೆದರೆ ಮುರಕಲ್ಲಿನ ಬಯಲಲ್ಲಿ ಸಸಿ ಕರಟುತ್ತದೆ. ದಟ್ಟ ಮರದಡಿಯ ತರಗೆಲೆ ಹಾಸಿನಲ್ಲಾದರೆ ಆಗಲೂ ತೇವ ಉಳಿದಿರುತ್ತದೆ.

ನಾಗನಿಗೆಂದು ಬಿಟ್ಟ ನಮ್ಮ ನಾಗಬನಗಳು ಅಂಥ ಜಾಗ. ಕಾರಡ್ಕದ ಕಾಡಿನ ಮುಂದೆ ಬನ ತೀರಾ ಸಣ್ಣದು. ಆದರೂ ತಾಯಿಮರ ಮತ್ತು ತೇವ ಎರಡೂ ಅಲ್ಲಿವೆ. ಈಗ ಹಲವು ಕಡೆ ಬನ ಬೋಳಿಸಿ ಸಿಮೆಂಟಿನ ಕಟ್ಟೆ ಕಟ್ಟುತ್ತಾರೆ. ಸ್ವಚ್ಛ ಕಾಣಲಿ ಎಂದು ತರಗೆಲೆ ಗುಡಿಸಿ ಸುಡುತ್ತಾರೆ. ಬನದ ಗೆಲ್ಲು ಮುರಿಯಬಾರದು ಎಂಬ ಹಿರಿಯರ ಕಟ್ಟಳೆ ಹೋಗಿದೆ, ನಾಗದೋಷದ ಹೆದರಿಕೆ ಮಾತ್ರ ಉಳಿದಿದೆ. ಇದು ತಿರುಗಾಮುರುಗಾ ಆಗಬೇಕಿತ್ತು.

ಈ ಸಲ ಧೂಪದಡಿ ಬೀಜ ಹೆಕ್ಕುವುದಿದ್ದರೆ ಹಸಿ ಗೋಣಿಯಲ್ಲಿ ಸುತ್ತಿ ತನ್ನಿ. ಅದೇ ದಿನ ಮಣ್ಣಿಗೆ ಹಾಕಿ. ಅರ್ಧದಷ್ಟನ್ನು ಬಿದ್ದಲ್ಲೇ ಬಿಡಿ.