ಫಂಡ್ ನಾಲ್ಕು, ಷೇರು ಅವೇ

ಮೊನ್ನೆ ಒಬ್ಬರು ಸ್ಟೇಟ್‌ಮೆಂಟ್ ಹಿಡಿದು ಬಂದಿದ್ದರು. "ನಾಲ್ಕು ಮ್ಯೂಚುವಲ್ ಫಂಡಲ್ಲಿ ಹಾಕಿದ್ದೀನಿ ಸಾರ್, ದುಡ್ಡು ಹಂಚಿಹೋಗಿದೆ ಅಲ್ವಾ?" ಎಂದರು. ನೋಡಿದರೆ ನಾಲ್ಕೂ ಲಾರ್ಜ್ ಕ್ಯಾಪ್, ಅಂದರೆ ದೊಡ್ಡ ಕಂಪನಿಗಳ ಷೇರು ಕೊಳ್ಳುವ ಫಂಡುಗಳು. ಒಳಗಿನ ಷೇರುಗಳ ಪಟ್ಟಿ ತೆಗೆದರೆ ಮೇಲಿನ ಹತ್ತರಲ್ಲಿ ಆರೇಳು ಎಲ್ಲದರಲ್ಲೂ ಅವೇ.

ಇದಕ್ಕೆ ಕಾರಣವಿದೆ. 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ, ಫಂಡುಗಳನ್ನು ವಿಂಗಡಿಸುವ ನಿಯಮ ತಂದಿತು. ಷೇರಿನ ಬೆಲೆಯನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಕಂಪನಿಯ ಮಾರುಕಟ್ಟೆ ಮೌಲ್ಯ. ಅದರಲ್ಲಿ ಮೊದಲ 100 ಕಂಪನಿ ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದ ಆಚೆಗಿನದೆಲ್ಲ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ 80% ಹಣವನ್ನು ಆ ನೂರರಲ್ಲೇ ಇಡಬೇಕು. ಹಾಗಿದ್ದಮೇಲೆ ಒಂದು ಫಂಡಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಇದ್ದೀತು?

ಕಂಪನಿಗಳ ಈ ಪಟ್ಟಿಯನ್ನು ಮ್ಯೂಚುವಲ್ ಫಂಡ್ ಸಂಸ್ಥೆಗಳ ಸಂಘವಾದ ಆಂಫಿ ಆರು ತಿಂಗಳಿಗೊಮ್ಮೆ ಹೊಸದಾಗಿ ಮಾಡುತ್ತದೆ. ಕಂಪನಿಯ ವ್ಯಾಪಾರ ಇದ್ದ ಹಾಗೇ ಇದ್ದರೂ ಬೇರೆಯವು ಮೇಲೆ ಬಂದರೆ ಅದು ಲಾರ್ಜ್‌ನಿಂದ ಮಿಡ್‌ಗೆ ಇಳಿಯಬಹುದು. ಇದು ಬರೀ ರ‍್ಯಾಂಕ್, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ.

ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡುಗಳು ತಮ್ಮ ತಮ್ಮ ವರ್ಗದಲ್ಲಿ ಇಡಬೇಕಾದದ್ದು ಕನಿಷ್ಠ 65%. ಉಳಿದ ಹಣವನ್ನು ಮ್ಯಾನೇಜರ್ ದೊಡ್ಡ ಕಂಪನಿಗಳಲ್ಲೂ ಇಡಬಹುದು. ಹೆಸರಲ್ಲಿ ಸ್ಮಾಲ್ ಇದ್ದಮಾತ್ರಕ್ಕೆ ಒಳಗಿರುವುದೆಲ್ಲ ಸ್ಮಾಲ್ ಅಲ್ಲ. ಮಲ್ಟಿ ಕ್ಯಾಪ್ ಫಂಡ್ ಲಾರ್ಜ್, ಮಿಡ್, ಸ್ಮಾಲ್ ಮೂರರಲ್ಲೂ ತಲಾ ಕನಿಷ್ಠ 25% ಇಡಲೇಬೇಕು, ಫ್ಲೆಕ್ಸಿ ಕ್ಯಾಪ್‌ಗೆ ಆ ಕಟ್ಟುಪಾಡಿಲ್ಲ. ಅಷ್ಟು ತಿಳಿದಿದ್ದರೆ ಸಾಕು.

ನನಗೆ ಚಿಂತೆಯಿರುವುದು ಸ್ಮಾಲ್ ಕ್ಯಾಪ್ ಬಗ್ಗೆ. ಬೆಲೆ ಏರಿಳಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಮಾರುವ ಕಷ್ಟ ಯಾರಿಗೂ ಕಾಣುವುದಿಲ್ಲ. ಸಣ್ಣ ಕಂಪನಿಯ ಷೇರು ದಿನಕ್ಕೆ ಕೈ ಬದಲಾಗುವುದೇ ಕಡಿಮೆ. ಫಂಡ್ ಒಮ್ಮೆಲೇ ಮಾರಲು ಹೊರಟರೆ ಕೊಳ್ಳುವವರು ಸಿಗದೆ ಬೆಲೆಯೇ ಕುಸಿಯುತ್ತದೆ. ಅದಕ್ಕೇ 2024ರ ಮಾರ್ಚ್‌ನಿಂದ ಮಿಡ್, ಸ್ಮಾಲ್ ಫಂಡುಗಳು ತಮ್ಮಲ್ಲಿರುವುದರ ಕಾಲು ಭಾಗ, ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಎಂದು ಹೇಳಬೇಕಾಯಿತು. ಕೆಲವು ದೊಡ್ಡ ಸ್ಮಾಲ್ ಕ್ಯಾಪ್ ಫಂಡುಗಳಿಗೆ ಅರ್ಧ ಮಾರಲು ಒಂದು ತಿಂಗಳಿಗೂ ಜಾಸ್ತಿ ಬೇಕಿತ್ತು! ರಿಟರ್ನ್ಸ್ ಪಟ್ಟಿ ಬಾಯಿಪಾಠ ಮಾಡಿರುವವರೂ ಈ ಅಂಕಿ ನೋಡಿರುವುದಿಲ್ಲ.

"ಹಾಗಾದರೆ ಎರಡು ತೆಗೆದು ಸ್ಮಾಲ್ ಕ್ಯಾಪಿಗೆ ಹಾಕಲಾ?" ಎಂದರು ಅವರು. ದುಡ್ಡು ಯಾವಾಗ ಬೇಕು ಅಂತ ಕೇಳಿದೆ. ಮಗಳ ಕಾಲೇಜಿಗೆ, ಇನ್ನೆರಡು ವರ್ಷಕ್ಕೆ. ಸ್ಮಾಲ್ ಕ್ಯಾಪ್ ಮಾತು ಅಲ್ಲಿಗೇ ನಿಂತಿತು. ಆಮೇಲೆ ಕೂತು ಮಾತಾಡಿದ್ದು, ಆ ಫೀಸಿನ ದುಡ್ಡನ್ನು ಷೇರುಪೇಟೆಯಿಂದಲೇ ಹೇಗೆ ಆಚೆ ತರುವುದು ಅಂತ.